ಹೊಕ್ಕುಳಬಳ್ಳಿಯಲ್ಲಿ ಉಳಿದ ಪಾದರಸ

ಜಪಾನಿನ ಮಿನಮಾಟಾದಲ್ಲಿ 1950ರ ದಶಕದಲ್ಲಿ ಹುಟ್ಟಿದ ಕೆಲವು ಮಕ್ಕಳಿಗೆ ಕತ್ತು ನಿಲ್ಲುತ್ತಿರಲಿಲ್ಲ. ಮಾತು ಬರುತ್ತಿರಲಿಲ್ಲ. ಅದೇ ಊರಲ್ಲಿ ಮೀನು ತಿಂದ ದೊಡ್ಡವರಿಗೂ ನರಗಳ ಕಾಯಿಲೆ ಬಂದಿತ್ತು, ಆದರೆ ಈ ಕೂಸುಗಳು ಮೀನನ್ನೇ ತಿಂದಿರಲಿಲ್ಲ. ತಿಂದವರು ಅಮ್ಮಂದಿರು, ಅವರಲ್ಲಿ ಎಷ್ಟೋ ಜನ ಹೆಚ್ಚುಕಮ್ಮಿ ಚೆನ್ನಾಗಿಯೇ ಇದ್ದರು. ಹಾಗಾಗಿ ಮಕ್ಕಳದ್ದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಮೈ ಚಲನೆ ಕೆಡುವ ಬೇರೊಂದು ತೊಂದರೆ, ಇರಬೇಕು ಅಂದರು. ತಾಯಿಯ ಮೈ ಸೇರಿದ ವಿಷವನ್ನು ಮಾಸು (ಪ್ಲಾಸೆಂಟಾ) ತಡೆದುಬಿಡುತ್ತದೆ ಎಂದು ಆಗ ವೈದ್ಯರೇ ನಂಬಿದ್ದರು.

ಆ ನಂಬಿಕೆ ತಪ್ಪು ಅಂತ 1962ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಜಪಾನಿನ ಮನೆಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಮಸಜುಮಿ ಹರಾಡಾ ಎಂಬ ವೈದ್ಯರೂ ಅವರ ಜೊತೆಗಾರರೂ ಮುಂದೆ ಅಂಥ ಬಳ್ಳಿಗಳನ್ನು ಒಟ್ಟುಮಾಡಿ ಪರೀಕ್ಷಿಸಿದಾಗ, ಊರಿನ ಕಾರ್ಖಾನೆ ಸಮುದ್ರಕ್ಕೆ ಬಿಟ್ಟು ಮೀನಿನ ಮೈ ಸೇರಿದ್ದ ಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ರೂಪ ಅವುಗಳಲ್ಲಿ ಇನ್ನೂ ಇತ್ತು. ನನಗೆ ಇದು ಮರೆಯಲಾಗದ ಸಂಗತಿ. ಅಮ್ಮಂದಿರು ಅಕ್ಕರೆಯಿಂದ ಎತ್ತಿಟ್ಟದ್ದೇ ಸಾಕ್ಷಿಯಾಯಿತು.

ಮಾಸು ಯಾಕೆ ತಡೆಯಲಿಲ್ಲ? ಮಗು ಬೆಳೆಯಲು ಅಮೈನೊ ಆಮ್ಲಗಳು ಬೇಕು, ಅವನ್ನು ತಾಯಿಯ ರಕ್ತದಿಂದ ಎಳೆದುಕೊಡುವುದು ಮಾಸಿನ ಕೆಲಸ. ಮೀಥೈಲ್ ಮರ್ಕ್ಯುರಿ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡಾಗ ಮೆಥಿಯೊನೀನ್ ಎಂಬ ಇನ್ನೊಂದರ ಹಾಗೆ ಕಾಣುತ್ತದೆ. ಊಟ ಅಂದುಕೊಂಡು ಮಾಸು ಅದನ್ನೂ ಒಳಗೆ ಕಳಿಸುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಸರಾಸರಿ 1.7 ಪಟ್ಟು ಇರುತ್ತದೆ. ಅದೇ ಹೊತ್ತಿನಲ್ಲಿ ಮಗುವಿನ ಮೆದುಳಿನ ಕೋಶಗಳು ಹುಟ್ಟಿದ ಜಾಗ ಬಿಟ್ಟು ತಮ್ಮ ತಮ್ಮ ಸ್ಥಾನಕ್ಕೆ ನಡೆಯುತ್ತಿರುತ್ತವೆ. ಪಾದರಸ ಆ ನಡಿಗೆಯನ್ನೇ ಕೆಡಿಸುತ್ತದೆ.

ಮಿನಮಾಟಾದ್ದು ಭಾರೀ ಪ್ರಮಾಣದ ವಿಷ. ಕಡಿಮೆ ಪ್ರಮಾಣದಲ್ಲಿ ಏನಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಸುಮಾರು 1000 ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಸಂಶೋಧಕ ಫಿಲಿಪ್ ಗ್ರಾನ್‌ಜಾನ್ ಮತ್ತು ಅವರ ತಂಡ ಅಳೆದಿಟ್ಟಿತ್ತು. ಅಲ್ಲಿನ ತಾಯಂದಿರು ಪಾದರಸ ಸೇರಿದ ತಿಮಿಂಗಿಲದ ಮಾಂಸ ತಿನ್ನುತ್ತಿದ್ದರು. 7ನೇ ವಯಸ್ಸಿನಲ್ಲಿ ನೋಡಿದರೆ ಮಕ್ಕಳು ಆರೋಗ್ಯವಾಗಿಯೇ ಇದ್ದರು, ಆದರೆ ಹುಟ್ಟುವಾಗ ಪಾದರಸ ಜಾಸ್ತಿ ಇದ್ದವರಿಗೆ ಗಮನ, ನೆನಪು, ಭಾಷೆಯ ಪರೀಕ್ಷೆಗಳಲ್ಲಿ ಸ್ವಲ್ಪ ಕಡಿಮೆ ಅಂಕ ಬಂತು.

ನಡವಳಿಕೆಯ ಕಥೆ ತೈವಾನಿನಲ್ಲಿ ಇನ್ನೂ ಸ್ಪಷ್ಟ. 1979ರಲ್ಲಿ ಅಲ್ಲಿ ಅಡುಗೆ ಎಣ್ಣೆಗೆ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಸೇರಿಹೋಯಿತು. ಆ ಎಣ್ಣೆ ತಿಂದ ತಾಯಂದಿರ ಮಕ್ಕಳಲ್ಲಿ ಕಲಿಕೆ ಹಿಂದುಳಿಯಿತು, ನಡವಳಿಕೆಯ ತೊಂದರೆಗಳೂ ಬೇರೆ ಮಕ್ಕಳಿಗಿಂತ ಜಾಸ್ತಿ ಕಂಡವು. ಎಣ್ಣೆ ಬಿಟ್ಟು ಕೆಲವು ವರ್ಷಗಳಾದ ಮೇಲೆ ಹುಟ್ಟಿದವರಲ್ಲೂ ಹಾಗೇ. ಪಿಸಿಬಿ ಕೊಬ್ಬಿನಲ್ಲಿ ಕೂತುಬಿಡುತ್ತದೆ, ಬೇಗ ಹೋಗುವುದಿಲ್ಲ. ಇನ್ನೊಂದು ವಿಷವಾದ ಸೀಸವೂ ಹೀಗೇ, ಮೂಳೆಯಲ್ಲಿ ದಶಕಗಟ್ಟಲೆ ಇರುತ್ತದೆ, ಬಸಿರಿನಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗುವಾಗ ಜೊತೆಗೆ ಹೊರಬರುತ್ತದೆ. ಅಂದರೆ ಹುಡುಗಿಯಾಗಿದ್ದಾಗ ಒಳಗೆ ಹೋದ ಸೀಸ ಅವಳ ಮಗುವಿನವರೆಗೂ ಬರಬಹುದು.

ಇದನ್ನು ಓದಿ ಯಾರಾದರೂ, ನನ್ನ ಮಗು ಒಂದು ಕಡೆ ಕೂರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಮಾಡುತ್ತದೆ, ನಾನು ಬಸುರಿಯಾಗಿದ್ದಾಗ ತಿಂದದ್ದೇ ಕಾರಣ ಇರಬೇಕು ಅಂತ ಕೊರಗಬೇಡಿ, ದಯವಿಟ್ಟು. ಈ ವ್ಯತ್ಯಾಸಗಳು ನೂರಾರು ಮಕ್ಕಳನ್ನು ಒಟ್ಟಿಗೆ ಅಳೆದಾಗ ಕಾಣುವಂಥವು. ಒಂದು ಮಗುವಿನ ಸ್ವಭಾವವನ್ನು ಒಂದು ಊಟಕ್ಕೆ ಗಂಟುಹಾಕಲು ಆಗುವುದೇ ಇಲ್ಲ.

ಹೆದರಿ ಮೀನು ಬಿಡುವುದೂ ಸರಿಯಲ್ಲ. ಬ್ರಿಟನ್ನಿನ ಸಾವಿರಾರು ತಾಯಂದಿರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದವರ ಮಕ್ಕಳೇ ಮಾತಿನ ಬುದ್ಧಿಮತ್ತೆಯಲ್ಲಿ, ಇತರರ ಜೊತೆ ಹೊಂದಿಕೊಳ್ಳುವುದರಲ್ಲಿ ಹಿಂದಿದ್ದರು. ಮೆದುಳಿಗೆ ಬೇಕಾದ ಒಮೆಗಾ-3 ಮೀನಿನಲ್ಲಿದೆ, ಅಲ್ವಾ? ಹಾಗಾಗಿ ಆಯ್ಕೆ ಮುಖ್ಯ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು, ಸಾರ್ಡೀನ್‌ನಂಥ ಸಣ್ಣ ಮೀನುಗಳಲ್ಲಿ ಕಡಿಮೆ. ತೊಳೆದರೂ ಬೇಯಿಸಿದರೂ ಅದು ಹೋಗುವುದಿಲ್ಲ, ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿದ್ದರೆ ಕರುಳು ಸೀಸವನ್ನು ಕಡಿಮೆ ಹೀರುತ್ತದೆ.

ತಾಯಿಯೊಬ್ಬಳು ಮಾಡಬಹುದಾದದ್ದು ಇಷ್ಟೇ, ಮತ್ತು ಇದನ್ನೆಲ್ಲಾ ಅವಳ ತಲೆಗೇ ಕಟ್ಟುವುದು ಅನ್ಯಾಯ ಎಂದು ನನಗೆ ಅನಿಸುತ್ತದೆ. ಸಮುದ್ರಕ್ಕೆ ಏನು ಸುರಿಯುತ್ತಾರೆ, ಎಣ್ಣೆಗೆ ಏನು ಸೋರುತ್ತದೆ ಅನ್ನುವುದು ಅವಳ ಕೈಯಲ್ಲಿಲ್ಲ. ಮಿನಮಾಟಾದ ಕಾಯಿಲೆ ಬೆಳಕಿಗೆ ಬಂದದ್ದು 1956ರಲ್ಲಿ. ಕಾರ್ಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ವಿಷದ ಮೀನು ಹೊರಗೆ ಹೋಗದ ಹಾಗೆ ಕೊಲ್ಲಿಗೆ ಕಟ್ಟಿದ್ದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಹೊಟ್ಟೆಯಲ್ಲೇ ವಿಷ ಉಂಡಿದ್ದ ಆ ಮಕ್ಕಳಿಗೆ ನಲವತ್ತರ ಆಸುಪಾಸು.