ಎಸ್‌ಪಿಬಿ ನಟನೆ ಶುರುವಾಗಿದ್ದು ಮೈಕಿನ ಮುಂದೆ

1993ರ ‘ಮುದ್ದಿನ ಮಾವ’ ಚಿತ್ರದಲ್ಲಿ ‘ದೀಪಾವಳಿ ದೀಪಾವಳಿ’ ಅಂತ ಒಂದು ಹಾಡಿದೆ. ಮಾವನ ಪಾತ್ರ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದ್ದು, ಅಳಿಯ ಶಶಿಕುಮಾರ್. ಹಾಡಿನಲ್ಲಿ ಎಸ್‌ಪಿಬಿ ದನಿ ಹೋಗಿರುವುದು ಅಳಿಯನಿಗೆ. ಮಾವನಿಗೆ ಹಾಡಿದವರು ಡಾ. ರಾಜ್‌ಕುಮಾರ್. ಸಾವಿರಾರು ಹಾಡುಗಳನ್ನು ಬೇರೆಯವರ ತುಟಿಗೆ ಕೊಟ್ಟಿದ್ದ ಗಾಯಕ, ಇಲ್ಲಿ ಬೇರೆಯವರ ಹಾಡಿಗೆ ತುಟಿ ಕೊಡಬೇಕಾಯಿತು.

ಇದನ್ನು ಎಲ್ಲರೂ ಒಂದು ಸ್ವಾರಸ್ಯದ ಸಂಗತಿಯಾಗಿ ಹೇಳುತ್ತಾರೆ. ಡಬ್ಬಿಂಗ್ ಸ್ಟುಡಿಯೊದಲ್ಲಿ ಕೆಲಸ ಮಾಡುವ ನನಗೆ ಅದರಲ್ಲಿ ಕಾಣುವುದು ದುಡಿಮೆ. ಹಾಡಿನ ಚಿತ್ರೀಕರಣದಲ್ಲಿ ಟ್ರ್ಯಾಕನ್ನು ಸ್ಪೀಕರ್‌ನಲ್ಲಿ ಜೋರಾಗಿ ಹಾಕುತ್ತಾರೆ. ನಟ ಅದರ ಜೊತೆ ಬಾಯಿ ಆಡಿಸಬೇಕು. ತುಟಿ ಹೊಂದಿಸುವುದು ಅಂಥ ಕಷ್ಟ ಅಲ್ಲ, ಸ್ವಲ್ಪ ಅಭ್ಯಾಸ ಮಾಡಿದರೆ ಯಾರಿಗಾದರೂ ಬರುತ್ತದೆ. ಸಿಕ್ಕಿಬೀಳುವುದು ಉಸಿರಿನಲ್ಲಿ. ಸಾಲು ಶುರುವಾಗುವ ಮೊದಲು ಎದೆ ಏರಬೇಕು. ಮೇಲಿನ ಸ್ವರಕ್ಕೆ ಹೋದಾಗ ಕುತ್ತಿಗೆ ಬಿಗಿಯಬೇಕು. ಸಾಲು ಮುಗಿದಾಗ ಭುಜ ಇಳಿಯಬೇಕು. ಇದು ಆಗದಿದ್ದರೆ ಪ್ರೇಕ್ಷಕನಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಏನೋ ಸುಳ್ಳು ಅನ್ನಿಸುತ್ತದೆ.

ಪ್ರತಿ ಗಾಯಕನೂ ಉಸಿರು ತೆಗೆದುಕೊಳ್ಳುವ ಜಾಗ ಬೇರೆ. ರಾಜ್‌ಕುಮಾರ್ ಅವರದ್ದು ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ದನಿ. ಎಸ್‌ಪಿಬಿ ಅವರದ್ದು 1966ರಿಂದ ಮೈಕಿನ ಹತ್ತಿರವೇ ಪಳಗಿದ ದನಿ. ಮಾವನ ಪಾತ್ರ ಮಾಡುವಾಗ ಅವರು ತಮ್ಮ ಉಸಿರಿನ ರೂಢಿಯನ್ನು ಪಕ್ಕಕ್ಕಿಟ್ಟು ರಾಜ್ ಅವರ ಉಸಿರನ್ನು ಹಿಡಿಯಬೇಕಿತ್ತು. ಆ ಹಾಡನ್ನು ಮತ್ತೆ ನೋಡುವವರು ಒಮ್ಮೆ ತುಟಿ ಬಿಟ್ಟು ಅವರ ಎದೆ, ಕುತ್ತಿಗೆಗಳನ್ನು ಗಮನಿಸಿ. ಹಾಡಿದ ರಾಜ್ ಅವರಿಗೂ ಈ ಕೆಲಸದ ಎರಡೂ ಬದಿ ಗೊತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ನಿಂದ ತಮ್ಮ ಹಾಡುಗಳನ್ನು ತಾವೇ ಹಾಡತೊಡಗುವ ಮೊದಲು ಅವರು ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರ ದನಿಗೆ ತುಟಿ ಕೊಟ್ಟವರು ಅಲ್ವಾ.

ಹಾಡುತ್ತಿದ್ದವರನ್ನು ಕರೆದು ನಟನೆ ಮಾಡಿಸಿದರು, ಹೇಗೋ ಚೆನ್ನಾಗಿ ಮಾಡಿದರು ಅನ್ನುವ ಮಾತು ಎಸ್‌ಪಿಬಿ ಬಗ್ಗೆ ಆಗಾಗ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. 1987ರಲ್ಲಿ ಕೆ. ಬಾಲಚಂದರ್ ಅವರ ‘ಮನದಿಲ್ ಉರುದಿ ವೇಂಡುಂ’ ಚಿತ್ರದಲ್ಲಿ ವೈದ್ಯನಾಗಿ ಕಾಣಿಸಿಕೊಳ್ಳುವ ಹೊತ್ತಿಗೆ ಅವರು ಹತ್ತು ವರ್ಷಕ್ಕೂ ಜಾಸ್ತಿ ನಟನೆ ಮಾಡಿದ್ದರು. ಮುಖ ಮಾತ್ರ ಹೆಚ್ಚಾಗಿ ಕಾಣುತ್ತಿರಲಿಲ್ಲ.

ಬಾಲಚಂದರ್ ಅವರದ್ದೇ ‘ಮನ್ಮಥ ಲೀಲೈ’ 1976ರಲ್ಲಿ ಬಂತು. ಅದು ತೆಲುಗಿಗೆ ಡಬ್ ಆದಾಗ ಕಮಲ್‌ಹಾಸನ್‌ಗೆ ಮಾತಿನ ದನಿ ಕೊಟ್ಟವರು ಎಸ್‌ಪಿಬಿ. ಅಲ್ಲಿಂದ ಮುಂದೆ ತಮಿಳಿನಿಂದ ತೆಲುಗಿಗೆ ಹೋದ ಕಮಲ್ ಚಿತ್ರಗಳಲ್ಲಿ ಅವರ ದನಿ ಮತ್ತೆ ಮತ್ತೆ ಕೇಳಿತು. ಆಗಿನ ಡಬ್ಬಿಂಗ್ ಈಗಿನ ಹಾಗಲ್ಲ. ಈಗ ಕಂಪ್ಯೂಟರ್‌ನಲ್ಲಿ ಒಂದೊಂದು ಸಾಲು, ಬೇಕಾದರೆ ಒಂದೊಂದು ಪದ ಹಿಡಿದು ಜೋಡಿಸುತ್ತೇವೆ. ಆಗ ಫಿಲ್ಮಿನ ಸಣ್ಣ ತುಂಡನ್ನು ಲೂಪ್ ಮಾಡಿ ಕತ್ತಲ ಕೋಣೆಯಲ್ಲಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಪರದೆ ನೋಡುತ್ತಾ ಆ ತುಂಡಿನ ಮಾತನ್ನೆಲ್ಲ ಸರಿಯಾಗಿ ಒಪ್ಪಿಸಬೇಕು. ಪ, ಬ, ಮ ಬಂದಾಗ ತುಟಿ ಮುಚ್ಚಿರಬೇಕು. ಮಾತು ಬೇರೆ ಭಾಷೆಯದ್ದಾದ್ದರಿಂದ ಉದ್ದ ಹೆಚ್ಚು ಕಡಿಮೆ ಆಗಿರುತ್ತದೆ. ಅದನ್ನೂ ಹೊಂದಿಸಬೇಕು, ಭಾವವನ್ನೂ ಬಿಡಬಾರದು.

ತಾಳ ಗೊತ್ತಿರುವ ಗಾಯಕನಿಗೆ ಅಳತೆ ಸುಲಭ. ಆದರೆ ಅಳತೆ ಸರಿಯಾಗಿದ್ದೂ ಸತ್ತ ಹಾಗೆ ಕೇಳಿಸುವ ಡಬ್ಬಿಂಗ್ ಎಷ್ಟು ಬೇಕಾದರೂ ಇದೆ. ಎಸ್‌ಪಿಬಿ ಇಲ್ಲಿ ಬೇರೆಯಾಗಿ ನಿಲ್ಲುತ್ತಾರೆ. ಅವರ ತಂದೆ ಎಸ್.ಪಿ. ಸಾಂಬಮೂರ್ತಿ ಹರಿಕಥೆ ಮಾಡುತ್ತಿದ್ದವರು. ಹರಿಕಥೆಯಲ್ಲಿ ಒಬ್ಬರೇ ಹಾಡಬೇಕು, ಕಥೆ ಹೇಳಬೇಕು, ರಾಜನೂ ಆಗಬೇಕು, ಮುದುಕಿಯೂ ಆಗಬೇಕು. ಮಾತು ಮುಗಿದು ಹಾಡು ಶುರುವಾಗುವ ಗೆರೆ ಅಲ್ಲಿ ಅಳಿಸಿಹೋಗಿರುತ್ತದೆ. ಅದನ್ನು ಕೇಳುತ್ತಾ ಬೆಳೆದ ಹುಡುಗನಿಗೆ ದನಿ ಅಂದರೆ ಪಾತ್ರ ಅನ್ನುವುದು ಯಾರೂ ಹೇಳಿಕೊಡದೆ ಬಂದಿರಬೇಕು. 2008ರ ‘ದಶಾವತಾರಂ’ನ ತೆಲುಗು ರೂಪದಲ್ಲಿ ಕಮಲ್ ಮಾಡಿದ ಹತ್ತು ಪಾತ್ರಗಳಲ್ಲಿ ಏಳಕ್ಕೆ ಅವರೇ ದನಿ ಕೊಟ್ಟರು. ಅದರಲ್ಲಿ ಒಂದು ಅಜ್ಜಿಯ ಪಾತ್ರ. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ತೆಲುಗಿಗೆ ಬಂದಾಗ ಬೆನ್ ಕಿಂಗ್ಸ್‌ಲಿಗೂ ಅವರದ್ದೇ ದನಿ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಕೆಲಸ 1997ರ ತೆಲುಗು ಚಿತ್ರ ‘ಅನ್ನಮಯ್ಯ’. ನಾಗಾರ್ಜುನ ಅನ್ನಮಯ್ಯ, ಸುಮನ್ ವೆಂಕಟೇಶ್ವರ. ಅನ್ನಮಯ್ಯನ ಹಾಡುಗಳನ್ನು ಹಾಡಿದವರು ಎಸ್‌ಪಿಬಿ. ವೆಂಕಟೇಶ್ವರನ ಮಾತುಗಳನ್ನು ಆಡಿದವರೂ ಎಸ್‌ಪಿಬಿ. ಭಕ್ತ ಹಾಡಿ ಕರೆಯುವುದು, ದೇವರು ಮಾತಾಡಿ ಒಲಿಯುವುದು, ಎರಡೂ ಒಂದೇ ಗಂಟಲಿನಿಂದ. ಕಣ್ಣು ಮುಚ್ಚಿ ಕೇಳಿದರೂ ಇಬ್ಬರು ಬೇರೆ ಬೇರೆ ಅಂತಲೇ ಅನ್ನಿಸುತ್ತದೆ. ಅನ್ನಮಯ್ಯನ ಹಾಡಿನಲ್ಲಿ ಹಸಿವಿದೆ, ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಹೋಗುವ ತವಕವಿದೆ. ವೆಂಕಟೇಶ್ವರನಿಗೆ ಯಾವ ಅವಸರವೂ ಇಲ್ಲ. ಮಾತಿನ ನಡುವೆ ಬೇಕಾದಷ್ಟು ಜಾಗ ಬಿಟ್ಟಿದ್ದಾರೆ. ಈ ದನಿಗೆ ಅವರಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿ ಬಂತು. ಡಬ್ಬಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಕನ್ನಡದವರಿಗೆ ಈ ಅರ್ಧ ಅಷ್ಟಾಗಿ ಗೊತ್ತಿಲ್ಲ. ಬೇರೆ ಭಾಷೆಯ ಚಿತ್ರಗಳು ಆ ದಶಕಗಳಲ್ಲಿ ಇಲ್ಲಿ ಡಬ್ ಆಗುತ್ತಿರಲಿಲ್ಲ, ಹಾಗಾಗಿ ಅವರ ಮಾತಿನ ನಟನೆ ನಮ್ಮ ಕಿವಿಗೆ ಬೀಳಲಿಲ್ಲ. ನಮಗೆ ಸಿಕ್ಕಿದ್ದು ಹಾಡು. ‘ನಾಗರಹಾವು’ ಕಾಲದಿಂದ ವಿಷ್ಣುವರ್ಧನ್‌ಗೆ, ಆಮೇಲೆ ಶಂಕರ್‌ನಾಗ್‌ಗೆ, ಅಂಬರೀಷ್‌ಗೆ. ಆ ಹಾಡುಗಳಲ್ಲೂ ಒಬ್ಬೊಬ್ಬ ನಟನಿಗೆ ಒಂದೊಂದು ಬಗೆಯ ಸಣ್ಣ ಬದಲಾವಣೆ ಇದೆ. ಅಂಬರೀಷ್ ಹಾಡಿನಲ್ಲಿ ದನಿ ಸ್ವಲ್ಪ ಒರಟಾಗುತ್ತದೆ, ಪದಗಳನ್ನು ಸುಮ್ನೆ ಎಸೆದ ಹಾಗೆ ಬಿಡುತ್ತಾರೆ.

ಇನ್ನು ಮುಖ ಕಂಡ ಚಿತ್ರಗಳು. 1990ರಲ್ಲಿ ವಸಂತ್ ನಿರ್ದೇಶಿಸಿದ ‘ಕೇಳಡಿ ಕಣ್ಮಣಿ’ಯಲ್ಲಿ ಅವರೇ ನಾಯಕ. ಹೆಂಡತಿ ಇಲ್ಲದ, ಮಗಳಿರುವ, ಮೈ ತುಂಬಿಕೊಂಡ ನಡುವಯಸ್ಸಿನ ಗಂಡಸು. ಜೊತೆಗೆ ರಾಧಿಕಾ. ಅದರಲ್ಲಿ ಇಳಯರಾಜ ಸಂಗೀತದ ಒಂದು ಹಾಡು ಉಸಿರೇ ತೆಗೆದುಕೊಳ್ಳದೆ ಹಾಡಿದಂತೆ ಸಾಗುತ್ತದೆ. ಎಲ್ಲರೂ ಮಾತಾಡುವುದು ಅದನ್ನು ಹಾಡಿದ್ದರ ಬಗ್ಗೆ. ರೆಕಾರ್ಡಿಂಗ್‌ನಲ್ಲಿ ಉಸಿರನ್ನು ಕತ್ತರಿಸಿ ಜೋಡಿಸುವ ದಾರಿ ಇದೆ. ಕ್ಯಾಮೆರಾ ಮುಂದೆ ಆ ಅನುಕೂಲ ಇಲ್ಲ, ಎದೆ ಏರಿದರೆ ಕಾಣುತ್ತದೆ. ಹಾಡು ಬರೀ ಗಂಟಲಿನ ಕಸರತ್ತಾಗದೆ ಪ್ರೀತಿಯ ಮಾತಾಗಿ ಉಳಿದಿದ್ದು ಅವರು ಅದನ್ನು ಸಲೀಸಾಗಿ ನಟಿಸಿದ್ದರಿಂದ.

‘ಕಾದಲನ್’ (1994) ಚಿತ್ರದಲ್ಲಿ ಪ್ರಭುದೇವನ ಅಪ್ಪ, ಪೊಲೀಸ್ ಕಾನ್‌ಸ್ಟೇಬಲ್. ಮಗನ ಜೊತೆ ಕುಣಿದರು, ಜನ ಮೆಚ್ಚಿದರು. 1997ರ ‘ಮಿನ್ಸಾರ ಕನವು’ನಲ್ಲೂ ಅಪ್ಪ. ಅದೇ ಚಿತ್ರಕ್ಕೆ ಹಾಡಿದ ಪ್ರೇಮಗೀತೆಗೆ ರಾಷ್ಟ್ರಪ್ರಶಸ್ತಿ ಬಂತು. ತೆರೆಯ ಮೇಲೆ ಅಪ್ಪ, ಹಾಡಿನಲ್ಲಿ ಪ್ರೇಮಿ.

ಇಲ್ಲಿ ನನ್ನ ಒಂದು ತಕರಾರಿದೆ. ನಿರ್ದೇಶಕರು ಅವರನ್ನು ಒಳ್ಳೆಯ ಅಪ್ಪನ ಪಾತ್ರಕ್ಕೇ ಕಟ್ಟಿಹಾಕಿದರು. ನಗುಮುಖ, ದುಂಡು ಮೈ, ಒಂದು ಕಣ್ಣೀರಿನ ದೃಶ್ಯ, ಮುಗಿಯಿತು. ಮಾತಿಲ್ಲದ ಜಾಗಗಳಲ್ಲಿ ಅವರು ಸ್ವಲ್ಪ ತಡವರಿಸುತ್ತಿದ್ದರು ಅನ್ನುವುದೂ ನಿಜ. ದನಿಗೆ ಇದ್ದ ತರಬೇತಿ ಕೈಗಳಿಗೆ ಇರಲಿಲ್ಲ. ದೊಡ್ಡ ಪಾತ್ರಗಳು ಸಾಲಾಗಿ ಸಿಕ್ಕಿದ್ದರೆ ಅದೂ ಪಳಗುತ್ತಿತ್ತು.

ಪಳಗಿದ್ದು ಕಾಣುವುದು 2012ರಲ್ಲಿ, ತನಿಕೆಳ್ಳ ಭರಣಿ ನಿರ್ದೇಶನದ ತೆಲುಗು ಚಿತ್ರ ‘ಮಿಥುನಂ’ನಲ್ಲಿ. ಆಗ ಅವರಿಗೆ 66 ವರ್ಷ. ಇಡೀ ಚಿತ್ರದಲ್ಲಿ ಎರಡೇ ಪಾತ್ರ, ಅಪ್ಪದಾಸು ಮತ್ತು ಅವನ ಹೆಂಡತಿ ಬುಚ್ಚಿಲಕ್ಷ್ಮಿ. ಹೆಂಡತಿಯಾಗಿ ನಮ್ಮೆಲ್ಲರ ಲಕ್ಷ್ಮಿ. ಅಪ್ಪದಾಸು ತಿಂಡಿಪೋತ. ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡುವ ದೃಶ್ಯ ಅಂದರೆ ಡಬ್ಬಿಂಗ್‌ನವರಿಗೆ ತಲೆನೋವು. ಅಗಿಯುವ ಬಾಯಿಗೆ ಮಾತು ಕೂರಬೇಕು, ರುಚಿಯೂ ದನಿಯಲ್ಲಿ ಬರಬೇಕು. ಅವರು ಊಟದ ದೃಶ್ಯಗಳನ್ನು ನಿಭಾಯಿಸಿರುವ ರೀತಿ ನೋಡಿ. ಹೆಂಡತಿಯನ್ನು ರೇಗಿಸುವ ಮಾತು, ಅದರ ಹಿಂದೆಯೇ ಒಂದು ತುತ್ತು, ಆಮೇಲೆ ಸುಮ್ಮನಿರುವುದು. ಆ ಸುಮ್ಮನಿರುವುದರಲ್ಲೂ ಈಗ ಕೈಗೆ ಕೆಲಸ ಗೊತ್ತಿದೆ.

2020ರ ಸೆಪ್ಟೆಂಬರ್ 25ರಂದು ಅವರು ಹೋದರು. ಅವರು ಕನ್ನಡವನ್ನು ಎಷ್ಟು ಚೆನ್ನಾಗಿ ಆಡುತ್ತಿದ್ದರು ಅನ್ನುವುದು ಟಿವಿಯಲ್ಲಿ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮ ನೋಡಿದವರಿಗೆಲ್ಲ ಗೊತ್ತು. ಅಪ್ಪದಾಸುವಿನಂಥ ಒಂದು ಪಾತ್ರವನ್ನು ಕನ್ನಡದಲ್ಲಿ ಅವರಿಗೆ ಯಾರೂ ಬರೆಯಲಿಲ್ಲ. ಬರೆದಿದ್ದರೆ ಡಬ್ಬಿಂಗ್‌ಗೆ ಬೇರೆ ಯಾರನ್ನೂ ಕರೆಯುವ ಅಗತ್ಯ ಇರುತ್ತಿರಲಿಲ್ಲ.