ಚೇತರಿಕೆಯ ಶಕ್ತಿ ಮತ್ತು ಜೀವನ ಕೌಶಲ: ಕಾಲೇಜು ವಯಸ್ಸಿನವರಿಗಾಗಿ ಅಧ್ಯಯನ ಟಿಪ್ಪಣಿ

ಕಷ್ಟದ ನಂತರ ಮತ್ತೆ ಎದ್ದು ನಿಲ್ಲುವ ಸಾಮರ್ಥ್ಯಕ್ಕೆ ಇಂಗ್ಲಿಷಿನಲ್ಲಿರುವ 'ರೆಸಿಲಿಯನ್ಸ್' ಎಂಬುದನ್ನು ಕೆಲವರು 'ಸ್ಥಿತಿಸ್ಥಾಪಕತ್ವ' ಎಂದು ಬರೆಯುತ್ತಾರೆ. ಅದು ಭೌತಶಾಸ್ತ್ರದ ಪದ. ಎಳೆದ ಸ್ಪ್ರಿಂಗ್ ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ; ನಪಾಸಾದವರು, ಮನೆಯವರನ್ನು ಕಳೆದುಕೊಂಡವರು ಹಾಗೆ ಮರಳುವುದಿಲ್ಲ. ಬಿದ್ದ ಪೆಟ್ಟನ್ನು ಇಟ್ಟುಕೊಂಡೇ ಮುಂದಿನ ಕೆಲಸ ಮಾಡಲು ಕಲಿಯುತ್ತಾರೆ. ಅದಕ್ಕೇ ಇಲ್ಲಿ 'ಚೇತರಿಕೆಯ ಶಕ್ತಿ' ಎಂದು ಬಳಸಿದ್ದೇವೆ.

ಇದು ಕೆಲವರಿಗಷ್ಟೇ ಹುಟ್ಟಿನಿಂದ ಬರುವ ಗಟ್ಟಿತನ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯ ಕಲಹ, ಹೆತ್ತವರ ಕಾಯಿಲೆಯಂಥ ಹಲವು ಕಷ್ಟ ಒಟ್ಟಿಗೆ ಕಂಡ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ ಬೆಳೆದರು. ಅಂಥವರ ಬೆನ್ನಿಗೆ ಕೈಬಿಡದ ಒಬ್ಬ ಹಿರಿಯರಾದರೂ ಇದ್ದರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳಷ್ಟು ಮಂದಿ ಮುಂದೆ ಚೇತರಿಸಿಕೊಂಡರು. ಕಾಲೇಜು ವಯಸ್ಸಿಗೆ ಬಂದಾಗ ಕಾಲ ಮಿಂಚಿರುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳನ್ನು ಜೋಡಿಯಾಗಿ ನೆನಪಿಟ್ಟುಕೊಂಡರೆ ಸುಲಭ: ಸ್ವ-ಅರಿವು ಮತ್ತು ಪರಾನುಭೂತಿ (ಇನ್ನೊಬ್ಬರ ಭಾವನೆಯನ್ನು ಅರಿಯುವುದು), ವಿಮರ್ಶಾತ್ಮಕ ಚಿಂತನೆ ಮತ್ತು ಸೃಜನಶೀಲ ಚಿಂತನೆ, ನಿರ್ಧಾರ ಕೈಗೊಳ್ಳುವುದು ಮತ್ತು ಸಮಸ್ಯೆ ಬಿಡಿಸುವುದು, ಸಂವಹನ ಮತ್ತು ಪರಸ್ಪರ ಸಂಬಂಧ, ಭಾವನೆಗಳ ನಿರ್ವಹಣೆ ಮತ್ತು ಒತ್ತಡದ ನಿರ್ವಹಣೆ. ಉತ್ತರಪತ್ರಿಕೆಗೆ ಇಷ್ಟು ಸಾಕು. ಬಳಕೆಗೆ ತರುವಾಗ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ವಿವರಿಸಿದ ವಿಂಗಡಣೆ ನೆರವಾಗುತ್ತದೆ. ಬದಲಾಯಿಸಲು ಸಾಧ್ಯವಿರುವುದಕ್ಕೆ ಸಮಸ್ಯೆ-ಕೇಂದ್ರಿತ ನಿಭಾವಣೆ (ಸಮಸ್ಯೆಯನ್ನೇ ಬಿಡಿಸಲು ಹೊರಡುವುದು), ಸಾಧ್ಯವಿಲ್ಲದ್ದಕ್ಕೆ ಭಾವನೆ-ಕೇಂದ್ರಿತ ನಿಭಾವಣೆ (ಮನಸ್ಸಿನ ನೋವನ್ನು ಹಗುರ ಮಾಡಿಕೊಳ್ಳುವುದು) ಹೆಚ್ಚು ಹೊಂದುತ್ತದೆ. ಎಷ್ಟೋ ಸಲ ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ: ಈಗಾಗಲೇ ಬಂದಿರುವ ಫಲಿತಾಂಶವನ್ನು ತಲೆಯಲ್ಲಿ ನೂರು ಸಲ ತಿದ್ದುತ್ತೇವೆ, ಮರುಪರೀಕ್ಷೆಯ ಅರ್ಜಿಯ ಕೊನೆಯ ದಿನವನ್ನು ಮರೆಯಲು ಮೊಬೈಲ್ ನೋಡುತ್ತಾ ಕೂರುತ್ತೇವೆ.

ಗಣಿತದಲ್ಲಿ ನಪಾಸಾದ ಒಬ್ಬ ವಿದ್ಯಾರ್ಥಿನಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದಾಳೆ ಎಂದುಕೊಳ್ಳಿ. 'ನನಗೆ ಗಣಿತ ಹತ್ತುವುದಿಲ್ಲ' ಎಂದು ಬರೆದರೆ ಅದು ತನ್ನ ಮೇಲೆ ತಾನೇ ಕೊಟ್ಟ ತೀರ್ಪು. ಅದಕ್ಕೆ ಪರಿಹಾರ ಹುಡುಕಲು ಬರುವುದಿಲ್ಲ. 'ಪಾಸಾಗಲು 8 ಅಂಕ ಕಡಿಮೆ. ಮೂರನೇ ಅಧ್ಯಾಯದ ಎರಡು ಪ್ರಶ್ನೆ ಮುಟ್ಟಲೇ ಇಲ್ಲ. ಕೊನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. ಮರುಪರೀಕ್ಷೆಗೆ 6 ವಾರ ಇದೆ' ಎಂದು ಬರೆದರೆ ಪ್ರತಿ ವಾಕ್ಯಕ್ಕೂ ಒಂದೊಂದು ಕೆಲಸ ಸಿಗುತ್ತದೆ. ಇವನ್ನು ಸರಿಪಡಿಸುವ ಮಾರ್ಗಗಳನ್ನು ಪಟ್ಟಿ ಮಾಡುವಾಗ ಎಂಟು-ಹತ್ತಾದರೂ ಬರೆಯಬೇಕು, ಬರೆಯುತ್ತಿರುವಾಗ ಯಾವುದನ್ನೂ ಹೊಡೆದುಹಾಕಬಾರದು. ಮೊದಲು ಹೊಳೆಯುವ ಎರಡು ಮೂರು ಸಾಮಾನ್ಯವಾಗಿ ಈಗಾಗಲೇ ಮಾಡಿ ಸೋತವೇ ಆಗಿರುತ್ತವೆ. ಪಟ್ಟಿ ಮುಗಿದ ಮೇಲೆ ಪ್ರತಿಯೊಂದರ ಎದುರು ತಗಲುವ ಸಮಯ, ಖರ್ಚು, ಬೇಕಾದ ನೆರವು ಗುರುತಿಸಿ ಒಂದೆರಡನ್ನು ಆರಿಸಬೇಕು.

ಆರಿಸಿದ್ದನ್ನು 'ಹೀಗಾದ ಕೂಡಲೇ ಹೀಗೆ' ಎಂಬ ರೂಪಕ್ಕೆ ತರಬೇಕು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಯಿಂದ ಬಂದ ವಿಧಾನವಿದು. 'ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ' ಎಂಬ ಸಂಕಲ್ಪಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ. 'ಸಂಜೆ ಕೋಣೆಗೆ ಬಂದು ಬ್ಯಾಗ್ ಇಳಿಸಿದ ಕೂಡಲೇ ಮೂರನೇ ಅಧ್ಯಾಯದ 2 ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡುತ್ತೇನೆ' ಎಂದರೆ ಬ್ಯಾಗ್ ಇಳಿಸುವುದೇ ನೆನಪಿನ ಗಂಟೆಯಾಗುತ್ತದೆ. ಪುಸ್ತಕ ಮುಚ್ಚುವುದಕ್ಕೂ ಕಾರಣವಿದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗದಲ್ಲಿ 5 ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು. ಏಳು ದಿನದ ನಂತರ ಹಾಳೆಯನ್ನು ಮತ್ತೆ ತೆಗೆದು, ನಡೆಯದ ಭಾಗವನ್ನು ಬದಲಿಸಬೇಕು. ತನ್ನನ್ನೇ ಬೈದುಕೊಳ್ಳಲು ಆ ಹಾಳೆಯಲ್ಲಿ ಜಾಗ ಬೇಡ.

ಮನಸ್ಸು ಕುದಿಯುತ್ತಿರುವಾಗ ಈ ಹಾಳೆ ಹಿಡಿಯಲಾಗದು. ಮೊದಲು ಉಸಿರು: 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ನಿಮಿಷಕ್ಕೆ 6 ಸಲದಂತೆ 5 ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ ಹೊರಗಿನ ಉಸಿರು ಉದ್ದವಿರಬೇಕು. ಗಾಬರಿಯಲ್ಲಿ ದೊಡ್ಡದಾಗಿ, ಬೇಗಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇನ್ನಷ್ಟು ಏರುತ್ತದೆ. ಇದನ್ನು ನೆಮ್ಮದಿಯ ದಿನಗಳಲ್ಲೇ ರೂಢಿಸಿಕೊಳ್ಳಬೇಕು. ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಮಾಡಿದರೆ ಕೈಗೂಡುವುದಿಲ್ಲ. 18ರಿಂದ 25 ವಯಸ್ಸಿನವರಿಗೆ 7ರಿಂದ 9 ಗಂಟೆ ನಿದ್ದೆ ಬೇಕು ಎಂಬುದೂ ಇಲ್ಲಿಗೇ ಸೇರುತ್ತದೆ.

ನೆರವು ಕೇಳುವುದು ಬೇರೆಯದೇ ಕೌಶಲ, ಅದಕ್ಕೂ ಅಭ್ಯಾಸ ಬೇಕು. 'ಸರ್, ಏನೂ ಅರ್ಥ ಆಗ್ತಿಲ್ಲ' ಎಂದರೆ ಅಧ್ಯಾಪಕರಿಗೂ ಎಲ್ಲಿಂದ ಹಿಡಿಯುವುದೆಂದು ತಿಳಿಯದು. 'ಸರ್, ನಾಲ್ಕನೇ ಲೆಕ್ಕದಲ್ಲಿ ಎರಡನೇ ಹಂತದವರೆಗೆ ಬಂದಿದ್ದೀನಿ, ಮುಂದೆ ಹೋಗ್ತಿಲ್ಲ. ನಾಳೆ ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ಸಿಗ್ತೀರಾ?' ಎಂದರೆ ಉತ್ತರ ಸಿಗುತ್ತದೆ. ಗೆಳೆಯನಿಗೆ ಇಲ್ಲವೆನ್ನುವಾಗಲೂ ಹೀಗೇ. 'ಇಲ್ಲ ಕಣೋ, ನಿನ್ನ ಹಾಜರಿಗೆ ನಾನು ಎಸ್ ಅನ್ನಲ್ಲ. ನೋಟ್ಸ್ ಬೇಕಾದ್ರೆ ಕೊಡ್ತೀನಿ' ಎಂಬಲ್ಲಿ ನಿರಾಕರಣೆ ಸ್ಪಷ್ಟವಿದೆ, ಗೆಳೆತನವೂ ಉಳಿದಿದೆ. ಗುಂಪಿನಲ್ಲಿ ಇದನ್ನು ಕಲಿಸುವವರು 12ರಿಂದ 15 ಮಂದಿಯನ್ನು ಇಟ್ಟುಕೊಂಡು, ವಾರಕ್ಕೊಮ್ಮೆ 90 ನಿಮಿಷದಂತೆ ಎಂಟು ವಾರ ನಡೆಸಿ, ಅರ್ಧ ಸಮಯ ಪಾತ್ರಾಭಿನಯಕ್ಕೆ ಬಿಡುವುದು ಒಳ್ಳೆಯದು. ಒಂದು ದಿನದ ಭಾಷಣದಿಂದ ಬರುವುದು ಆ ದಿನದ ಹುಮ್ಮಸ್ಸು ಮಾತ್ರ, ಏಕೆಂದರೆ ಅಲ್ಲಿ ಯಾರೂ ಬಾಯಿ ಬಿಟ್ಟು ಅಭ್ಯಾಸ ಮಾಡಿರುವುದಿಲ್ಲ.

ಎಲ್ಲ ಕಷ್ಟಕ್ಕೂ ಚೇತರಿಕೆಯ ಪಾಠವೇ ಮದ್ದಲ್ಲ. ರ‍್ಯಾಗಿಂಗ್, ಕಿರುಕುಳಕ್ಕೆ ಬೇಕಾದದ್ದು ದೂರು ಮತ್ತು ಕ್ರಮ. ಸಹಿಸಿಕೊಳ್ಳಲು ಕಲಿಸಿದರೆ ಅನ್ಯಾಯವಾಗುತ್ತದೆ. ಎರಡು ವಾರ ಮೀರಿ ಮಂಕು ಕವಿದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಯಾರೊಡನೆಯೂ ಬೆರೆಯದಿದ್ದರೆ ಆಪ್ತ ಸಮಾಲೋಚಕರನ್ನೋ ವೈದ್ಯರನ್ನೋ ಕಾಣಬೇಕು. ಸಾಯುವ ಮಾತು ಬಂದರೆ 'ಜೀವ ಕಳೆದುಕೊಳ್ಳೋ ಯೋಚನೆ ಬರ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬೇಡಿ, ಒಬ್ಬರನ್ನೇ ಬಿಡಬೇಡಿ, ಅಂದೇ ಜೊತೆಯಲ್ಲಿ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.