ಇನ್‌ಸ್ಟಾಗ್ರಾಮ್ ತೆಗೆಸಿದರೆ ಮಗಳು ಊಟ ಮಾಡುತ್ತಾಳೆಯೇ?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ 13. ಮೇ ರಜೆಯಲ್ಲಿ ಊರಿಗೆ ಹೋಗಿ ಬಂದಾಗಿನಿಂದ ರಾತ್ರಿ ಊಟ ಬಿಟ್ಟಿದ್ದಾಳೆ. ‘ನಾನು ದಪ್ಪ, ಕಪ್ಪು’ ಅಂತ ಫೋಟೋಗೂ ನಿಲ್ಲುವುದಿಲ್ಲ. ಇನ್‌ಸ್ಟಾಗ್ರಾಮ್ ತೆಗೆಸಿದರೆ ಸರಿಹೋದೀತೇ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಊರಿಗೆ ಹೋಗಿ ಬಂದಾಗಿನಿಂದ’. ಜಗಲಿಯಲ್ಲಿ ಚಪ್ಪಲಿ ಬಿಡುವ ಮೊದಲೇ ‘ಬಾಂಬೆ ನೀರು ಚೆನ್ನಾಗಿ ಹಿಡಿಸಿದೆ’, ‘ಎಷ್ಟು ಕರ್ರಗಾಗಿದ್ದೀಯೇ!’ ಎಂಬ ಮಾತು ಬಿದ್ದಿರುತ್ತದೆ. ದೊಡ್ಡಮ್ಮನಿಗೆ ಅದು ಕುಶಲ ವಿಚಾರಣೆ, ಮಗುವಿಗೆ ತೀರ್ಪು. ಶಾಲೆಯಲ್ಲಿ ಮರಾಠಿಯ ‘ಜಾಡಿ’ (ದಪ್ಪಗಿರುವವಳು) ಎಂಬ ಅಡ್ಡಹೆಸರೂ ಸೇರಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಮಾತು ನಾಟುವುದು ಈ ವಯಸ್ಸಿನ ಕಾರಣಕ್ಕೆ. ಹುಡುಗಿಯರಲ್ಲಿ ಪ್ರಾಯದ ಬದಲಾವಣೆ ಸಾಮಾನ್ಯವಾಗಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಸೊಂಟ, ತೊಡೆಯಲ್ಲಿ ಕೊಬ್ಬು ಕೂಡುವುದು ಈಸ್ಟ್ರೋಜನ್ ಎಂಬ ಹಾರ್ಮೋನಿನ ಕೆಲಸ, ಬಟಾಟವಡೆಯದಲ್ಲ. ಒಂದೇ ಬೆಂಚಿನ ಇಬ್ಬರ ನಡುವೆ ಮೂರು ನಾಲ್ಕು ವರ್ಷದ ಅಂತರ ಕಾಣಬಹುದು. ಬೇಗ ಬೆಳೆದ ಹುಡುಗಿಗೂ ತಡವಾಗಿ ಬೆಳೆಯುವ ಹುಡುಗನಿಗೂ ಅದು ಹೆಚ್ಚು ಕಾಡುತ್ತದೆ.

ಚಿತ್ರಗಳ ಪಾಲೂ ಸಣ್ಣದಲ್ಲ. ಮೈ ತುಂಬಿಕೊಂಡಿರುವುದೇ ಲಕ್ಷಣ ಎನ್ನುತ್ತಿದ್ದ ಫಿಜಿ ದ್ವೀಪದ ನದ್ರೋಗಕ್ಕೆ 1995ರಲ್ಲಿ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಶಾಲಾ ಹುಡುಗಿಯರು ಆಗ ಒಬ್ಬರೂ ಇರಲಿಲ್ಲ. 1998ರ ಹೊತ್ತಿಗೆ ಶೇ. 11.3. ಆಗಿನ್ನೂ ಇನ್‌ಸ್ಟಾಗ್ರಾಮ್ ಹುಟ್ಟಿರಲೇ ಇಲ್ಲ! ಆದ್ದರಿಂದ ಆ್ಯಪ್ ಕಿತ್ತರೆ ಅವಳು ಗೆಳತಿಯ ಫೋನಲ್ಲಿ ನೋಡುತ್ತಾಳೆ, ನಿಮ್ಮೊಡನೆ ಮಾತು ಮಾತ್ರ ನಿಲ್ಲುತ್ತದೆ. ಬದಲಿಗೆ ಜೊತೆಗೆ ಕೂತು, ಡಯಟ್ ರೀಲು ಬಂದಾಗಲೆಲ್ಲ ‘ಆಸಕ್ತಿ ಇಲ್ಲ’ ಒತ್ತಿಸಿ. ಫೋನು ರಾತ್ರಿ ಹಾಲ್‌ನಲ್ಲೇ ಚಾರ್ಜಿಗಿರಲಿ, ನಿಮ್ಮದೂ.

ಸೆಲ್ಫಿಯ ಮೋಸ ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಒಂದು ಫೋಟೋ 30 ಸೆಂಟಿಮೀಟರ್ ದೂರದಿಂದ, ಇನ್ನೊಂದು ಒಂದೂವರೆ ಮೀಟರ್‌ನಿಂದ ತೆಗೆದು, ಮುಖ ಒಂದೇ ಅಳತೆಗೆ ಬರುವಂತೆ ಹಿಗ್ಗಿಸಿ. ಹತ್ತಿರದ್ದರಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ. ಮೂಗು ಅದೇ, ದೂರ ಬೇರೆ.

ಊಟದ ವಿಷಯಕ್ಕೆ ಬನ್ನಿ. ಅಮೆರಿಕದ ಮಿನೆಸೋಟದಲ್ಲಿ ಹದಿಹರೆಯದವರನ್ನು ಐದು ವರ್ಷದ ನಂತರ ಮತ್ತೆ ನೋಡಿದಾಗ, ಡಯಟ್ ಮಾಡಿದವರ ತೂಕವೇ ಹೆಚ್ಚು ಏರಿತ್ತು. ಹಸಿದವರು ಆಮೇಲೆ ಒಮ್ಮೆಲೇ ತಿನ್ನುತ್ತಾರೆ. ಆದರೆ ಇದನ್ನು ಅವಳಿಗೆ ಪಾಠ ಮಾಡಬೇಡಿ. ಎಲ್ಲರೂ ಒಟ್ಟಿಗೆ ಕೂತು ಅದೇ ಅನ್ನ ಸಾರು ಉಣ್ಣಿ, ಅವಳ ತಟ್ಟೆಯ ಬಗ್ಗೆ ಮಾತಿಲ್ಲದೆ. ‘ಈ ಸೀರೇಲಿ ನನ್ನ ಹೊಟ್ಟೆ ನೋಡು’ ಎಂದು ನೀವು ಗೊಣಗುವುದೂ ಅವಳ ಕಿವಿಗೆ ಬೀಳುತ್ತದೆ. ‘ನೀನು ಚೆನ್ನಾಗೇ ಇದ್ದೀಯಲ್ಲೇ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಯಾರು ಏನಂದರು?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ.

ಚೌತಿಗೆ ಮತ್ತೆ ಊರಿಗೆ ಹೋಗುವುದಿದ್ದರೆ ಮೊದಲೇ ಫೋನ್ ಮಾಡಿ: ‘ಅಕ್ಕಾ, ಅವಳ ಮೈ, ಬಣ್ಣದ ಸುದ್ದಿ ಎತ್ತಬೇಡಿ. ಚಿತ್ರ ಬಿಡಿಸುತ್ತಾಳೆ, ಅದನ್ನು ಕೇಳಿ.’

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಪ್ರಸಿದ್ಧ ಕ್ರೀಮೊಂದು 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದುಹಾಕಿತು, ನಮ್ಮ ಮನೆಗಳು ಇನ್ನೂ ತೆಗೆದಿಲ್ಲ. ಡಾಕ್ಟರ ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದ ಬಿಳುಪಿನ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲ ವಾರಗಳಲ್ಲಿ ಹೊಳಪು, ಆಮೇಲೆ ಮೊಡವೆ, ತೆಳುವಾದ ಚರ್ಮ, ಮುಖದ ಮೇಲೆ ಕೂದಲು.

ತೂಕ ಇಳಿಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಮೂರು ತಿಂಗಳು ಮುಟ್ಟು ನಿಂತಿದ್ದರೆ, ಉಂಡೊಡನೆ ಬಾತ್‌ರೂಮಿನ ಚಿಲಕ ಹಾಕಿಕೊಳ್ಳುತ್ತಿದ್ದರೆ ಮಕ್ಕಳ ಡಾಕ್ಟರ ಬಳಿ ತಡಮಾಡದೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ) ಲೆಕ್ಕ ಮಕ್ಕಳಿಗೆ ಹೊಂದದು, ವಯಸ್ಸಿಗೆ ತಕ್ಕ ಬೆಳವಣಿಗೆಯ ಚಾರ್ಟ್ ಬೇಕು. ತೂಕದ ಅಂಕಿಯನ್ನು ಅವಳೆದುರು ಗಟ್ಟಿಯಾಗಿ ಓದಬೇಡಿ ಎಂದು ಡಾಕ್ಟರಿಗೆ ಒಳಗೆ ಹೋಗುವ ಮೊದಲೇ ಹೇಳಿಬಿಡಿ.